ಗಂಗರತ್ನಮ್ಮನ ರಟ್ಟಿನ ಡಬ್ಬ

ಮದುವೆಮನೆಯಲ್ಲಿ ಎಲ್ಲರೂ ಸೀರೆ ನೋಡಿದರೆ, ಮಲ್ಲೇಶ್ವರಂನ ಗಂಗರತ್ನಮ್ಮ ಸೀರೆಯ ರಟ್ಟಿನ ಡಬ್ಬ ನೋಡುತ್ತಾರೆ. ಇದು ಅಳಿಲಿಗೆ, ಇದು ಗೂಬೆಗೆ ಎಂದು ಕಣ್ಣಲ್ಲೇ ಅಳೆದು, ಸಂಕೋಚವಿಲ್ಲದೆ ಕೇಳಿ ತಂದು, ಗಾಳಿಯಾಡಲು ದಬ್ಬಣದಿಂದ ತೂತು ಕೊರೆದು ಅಟ್ಟದ ಮೇಲಿಡುತ್ತಾರೆ. ಗಾಳಿಪಟದ ಮಾಂಜಾ ದಾರಕ್ಕೆ ರೆಕ್ಕೆ ಕೊಯ್ದುಕೊಂಡು ಹದ್ದು ಎಲ್ಲಿ ಬಿದ್ದರೂ ಮೊದಲು ಅವರಿಗೇ ಫೋನು. ಹೋದಲ್ಲೆಲ್ಲ ಬೈಗುಳವೂ ಗ್ಯಾರಂಟಿ: "ಹದ್ದಿನ ಮುಂದೆ ಮೊಸರನ್ನ ಇಟ್ಟಿದೀರಲ್ರೀ, ಅದೇನು ಮುಂಜಿ ಊಟಕ್ಕೆ ಬಂದಿದ್ಯಾ?" ಹಕ್ಕಿಯನ್ನು ಟವೆಲಿನಲ್ಲಿ ಸುತ್ತಿ, ಡಬ್ಬದಲ್ಲಿಟ್ಟು ಹುರಿ ಕಟ್ಟಿದರೆ ಮುಗಿಯಿತು, ಕಾಡುಪ್ರಾಣಿಗಳ ಆರೈಕೆ ಕೇಂದ್ರ ಮುಟ್ಟುವ ತನಕ ಯಾರೂ ಬಿಚ್ಚುವಂತಿಲ್ಲ; ಕತ್ತಲಲ್ಲಿದ್ದರೆ ಅದಕ್ಕೆ ಗಾಬರಿ ಕಡಿಮೆ. ಆಟೋದವರಿಗೂ ಒಂದೇ ಮಾತು: "ಹಾರನ್ ಹೊಡೀಬೇಡಪ್ಪ, ಹೆದರ್ಕೊಳತ್ತೆ." ಇವತ್ತು ಮತ್ತಿಕೆರೆ ದಾಟುವಾಗ ಡಬ್ಬದೊಳಗಿನ ಪರಚಾಟ ನಿಂತುಹೋಯಿತು. ಅಂಗೈಯನ್ನು ಮುಚ್ಚಳಕ್ಕೆ ಒತ್ತಿಕೊಂಡು ಕಾದರು, ಏನೂ ಅಲುಗಲಿಲ್ಲ. ಬೆರಳು ಹುರಿಯ ಗಂಟಿನವರೆಗೆ ಹೋಗಿ ಅಲ್ಲೇ ತಡೆದುಕೊಂಡಿತು. ಕನ್ನಡಿಯಲ್ಲಿ ಅವರ ಮುಖ ಕಂಡ ಆಟೋದವನು, "ಹಾರನ್ ಹೊಡ್ಕೊಂಡು ಜೋರಾಗಿ ಹೋಗ್ಲಾ ಅಮ್ಮ?" ಎಂದ. "ಜೋರಾಗಿ ಹೋಗಪ್ಪ," ಎಂದರು ಗಂಗರತ್ನಮ್ಮ, ಅಂಗೈ ತೆಗೆಯದೆ. "ಹಾರನ್ ಮಾತ್ರ ಬೇಡ. ಹೆದರ್ಕೊಳತ್ತೆ."