ಜಿಗಣೆಯ ಅರ್ಧ ಹೆಜ್ಜೆ

ಒಂಬತ್ತು ವರ್ಷ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಆಡಿಯೂ ಪಂದ್ಯಕ್ಕೆ ನಾಲ್ಕು ಅಂಕಕ್ಕಿಂತ ಹೆಚ್ಚು ಗಳಿಸದವಳನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ? ನಮ್ಮ ನಗರದ ಕ್ಲಬ್ಬಿನ ಹೆಂಗಸರ ತಂಡದಲ್ಲಿ ಅಂಥ ಒಬ್ಬಳಿದ್ದಳು. ಎಲ್ಲರೂ ಅವಳನ್ನು ಕರೆಯುತ್ತಿದ್ದುದು ಜಿಗಣೆ ಎಂದು. ಎದುರು ತಂಡದಲ್ಲಿ ಗುರಿ ತಪ್ಪದವಳು ಯಾರೋ, ಅವಳಿಗೆ ಅಂಟಿಕೊಂಡು, ಚೆಂಡು ಸಿಗದಂತೆ, ಸಿಕ್ಕರೂ ನೆಮ್ಮದಿಯಾಗಿ ಎಸೆಯಲಾಗದಂತೆ ನೋಡಿಕೊಳ್ಳುವುದು ಅವಳ ಕೆಲಸ. “ನಮ್ಮ ಜಿಗಣೆ ಬೆವರು ಮಾತ್ರ ಹೀರ್ತಾಳೆ, ರಕ್ತ ಮುಟ್ಟಲ್ಲ” ಎಂದು ತಂಡದವರು ತಮಾಷೆ ಮಾಡುತ್ತಿದ್ದರು. ಆ ಹೆಸರು ಅವಳಿಗೂ ಇಷ್ಟವಾಗಿತ್ತು.

ಅವಳ ಅಪ್ಪ ಸಿಟಿ ಬಸ್ಸಿನ ಕಂಡಕ್ಟರ್ ಆಗಿದ್ದವರು. ಶಾಲೆಗೆ ರಜೆಯಿದ್ದ ದಿನ ಅವಳು ಅಪ್ಪನ ಬಸ್ಸಿನಲ್ಲೇ ಕೂತು ಊರು ಸುತ್ತುತ್ತಿದ್ದಳು. ಎಳ್ಳು ಹಾಕಿದರೆ ಕೆಳಗೆ ಬೀಳದಷ್ಟು ಜನರಿದ್ದರೂ ಅಪ್ಪ ಭುಜ ಕೊಟ್ಟು, ಎದೆ ಕೊಟ್ಟು, ಹಿಂದಿನ ಬಾಗಿಲಿನಿಂದ ಮುಂದಿನ ಬಾಗಿಲಿಗೆ ಹೋಗಿಬಿಡುತ್ತಿದ್ದರು. ಯಾರೂ ಬೈಯುತ್ತಿರಲಿಲ್ಲ. “ಇಷ್ಟು ಜನದಲ್ಲಿ ಮೈ ತಾಗದೆ ಇರತ್ತಾ ಪುಟ್ಟಿ? ತಾಗಲಿ. ಮೊಣಕೈ ಮಾತ್ರ ಒಳಗಿಟ್ಕೋ” ಎನ್ನುತ್ತಿದ್ದರು.

ಕ್ಲಬ್ಬಿಗೆ ಸೇರಿದ ಮೇಲೆ ಹಳೆಯ ಕೋಚ್ ಅವಳಿಗೆ ಉಳಿದದ್ದನ್ನು ಕಲಿಸಿದರು. ಮೊಣಕಾಲು ಬಗ್ಗಿಸಿ ಬೆನ್ನು ನೆಟ್ಟಗಿಟ್ಟು ಗಂಟೆಗಟ್ಟಲೆ ಅಡ್ಡಡ್ಡ ಓಡಿಸುತ್ತಿದ್ದರು. ಅವರಿಗೆ ಮಾತು ಕಡಿಮೆ. ಒಂದು ಮಾತನ್ನು ಮಾತ್ರ ಮತ್ತೆ ಮತ್ತೆ ಹೇಳುತ್ತಿದ್ದರು: “ನಿನ್ನ ಎದೆ, ನಿನ್ನ ಕಾಲು, ಎಷ್ಟು ಬೇಕಾದ್ರೂ ಬಳಸು. ಆದ್ರೆ ಅವಳು ಎಗರಿದ ಮೇಲೆ ಇಳಿಯೋ ನೆಲ ಅವಳದ್ದು. ಅಲ್ಲಿ ಕಾಲಿಡಬೇಡ.” ಚೆಂಡನ್ನು ಎಸೆಯಲು ಎಗರಿದವಳ ಕಣ್ಣು ಬುಟ್ಟಿಯ ಮೇಲಿರುತ್ತದೆ. ಕೆಳಗೆ ಬೇರೆಯವರ ಪಾದವಿದ್ದರೆ ಅದರ ಮೇಲೇ ಇಳಿಯುತ್ತಾಳೆ, ಪಾದದ ಕೀಲು ಹೊರಳುತ್ತದೆ. ನೋಡುವವರಿಗೆ ಅದು ಆಕಸ್ಮಿಕದಂತೆ ಕಾಣುತ್ತದೆ.

ಬಂದರು ಪಟ್ಟಣದ ತಂಡದಲ್ಲಿ ಎಡಚಿ ಎಂಬವಳಿದ್ದಳು. ಎಡಗೈಯಲ್ಲಿ ಎಸೆದರೆ ಹತ್ತಕ್ಕೆ ಐದು ಒಳಗೆ. ಆರು ವರ್ಷ ಅವಳನ್ನು ಕಾಯುವ ಕೆಲಸ ಜಿಗಣೆಯದೇ ಆಗಿತ್ತು. ಪಂದ್ಯ ಮುಗಿಯುವಷ್ಟರಲ್ಲಿ ಇವಳ ಮುಂಗೈ ಕಪ್ಪಗಾಗಿರುತ್ತಿತ್ತು, ಅವಳ ಪಕ್ಕೆ ನೋಯುತ್ತಿತ್ತು. “ನಿನ್ನ ಭುಜ ಏನು ಕಬ್ಬಿಣದ್ದಾ?” ಎಂದು ಎಡಚಿ ಕೇಳಿದರೆ, “ನಿನ್ನ ಪಕ್ಕೆಲುಬು ಗರಗಸ ಇದ್ದಂಗಿದೆ” ಎಂದು ಇವಳು ಹೇಳುತ್ತಿದ್ದಳು. ಸ್ನೇಹ ಅನ್ನುವ ಹಾಗಿರಲಿಲ್ಲ. ಆದರೆ ಒಬ್ಬರ ಉಸಿರಾಟ ಇನ್ನೊಬ್ಬರಿಗೆ ಗೊತ್ತಿತ್ತು.

ಏಳನೆಯ ವರ್ಷ ಹಳೆಯ ಕೋಚ್ ನಿವೃತ್ತರಾಗಿ ಹೊಸಬರು ಬಂದರು. ಒಳ್ಳೆಯ ಮಾತುಗಾರ, ಗೆಲ್ಲುವ ಹಸಿವಿದ್ದ ಮನುಷ್ಯ. ಆ ವರ್ಷ ಸೆಮಿಫೈನಲ್‌ನಲ್ಲಿ ಎದುರಾದದ್ದು ಬಂದರಿನ ತಂಡವೇ. ಮೂರನೆಯ ಸುತ್ತು ಮುಗಿಯುವಷ್ಟರಲ್ಲಿ ಎಡಚಿ ಇಪ್ಪತ್ತೇಳು ಅಂಕ ಹೊಡೆದಿದ್ದಳು. ಜಿಗಣೆ ಏನು ಮಾಡಿದರೂ ಚೆಂಡು ಬುಟ್ಟಿಯ ದಾರಿ ಬಿಡಲಿಲ್ಲ. ವಿರಾಮದಲ್ಲಿ ಕೋಚ್ ಅವಳ ಪಕ್ಕ ಕುಕ್ಕರಗಾಲಲ್ಲಿ ಕೂತು ಮೆಲ್ಲಗೆ ಹೇಳಿದರು:

“ಅವಳು ತುಂಬಾ ಆರಾಮಾಗಿ ಇಳೀತಿದಾಳೆ. ಒಂದ್ಸಲ ಅವಳಿಗೆ ನೆಲದ ಭಯ ಹುಟ್ಟಿಸು. ಅರ್ಧ ಹೆಜ್ಜೆ ಮುಂದೆ, ಅಷ್ಟೇ.”

“ಸರ್, ಅದು...”

“ನಾನೇನೂ ಹೇಳಿಲ್ಲ. ಇದು ಮೈ ತಾಗೋ ಆಟ.”

ನಾಲ್ಕು ನಿಮಿಷ ಅವಳು ಆ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಎಡಚಿ ಇನ್ನೂ ಎರಡು ಬಾರಿ ಗುರಿ ಮುಟ್ಟಿಸಿದಳು. ಮೂರನೆಯ ಬಾರಿ ಅವಳು ಎಗರಿದಾಗ ಜಿಗಣೆಯ ಬಲಗಾಲು ಅರ್ಧ ಹೆಜ್ಜೆ ಮುಂದೆ ಹೋಯಿತು. ಎಡಚಿ ಅದರ ಮೇಲೆ ಇಳಿದಳು. ಒದ್ದೆ ಕಡ್ಡಿ ಮುರಿದಂಥ ಸಣ್ಣ ಸದ್ದಾಯಿತು. ರೆಫರಿ ಸಾಧಾರಣ ಫೌಲ್ ಕೊಟ್ಟರು. ಎಡಚಿಯನ್ನು ಇಬ್ಬರು ಎತ್ತಿಕೊಂಡು ಹೊರಗೆ ಹೋದರು. ನಮ್ಮ ತಂಡ ಐದು ಅಂಕದಿಂದ ಗೆದ್ದಿತು.

ಬಟ್ಟೆ ಬದಲಿಸುವ ಕೋಣೆಯಲ್ಲಿ ಹಾಡು, ಕೂಗು. ಜಿಗಣೆ ಶೂ ಬಿಚ್ಚದೆ ಬೆಂಚಿನ ಮೇಲೆ ಕೂತೇ ಇದ್ದಳು. “ಯಾಕೆ, ಕಾಲು ಉಳುಕಿತಾ?” ಎಂದು ಯಾರೋ ಕೇಳಿದರು. ಅವಳ ಕಾಲಿಗೆ ಏನೂ ಆಗಿರಲಿಲ್ಲ.

ಮನೆಯಲ್ಲಿ ಅಪ್ಪ ಟಿವಿಯಲ್ಲಿ ಪಂದ್ಯ ನೋಡಿದ್ದರು. ಟಿವಿಯವರು ಆ ತುಣುಕನ್ನು ಹಿಂದೆ ಮುಂದೆ ಓಡಿಸಿ ಮೂರು ಸಲ ತೋರಿಸಿದ್ದರು. ಒಬ್ಬ ವಿಶ್ಲೇಷಕ ಆಕಸ್ಮಿಕ ಅಂದಿದ್ದ, ಇನ್ನೊಬ್ಬ ಗಟ್ಟಿ ಆಟ ಅಂದಿದ್ದ. ಅಪ್ಪ ಟಿವಿ ಆರಿಸಿ ಕೇಳಿದರು:

“ಕಾಲು ನೋಡದೆ ಇಟ್ಯಾ, ನೋಡಿ ಇಟ್ಯಾ?”

“ನೋಡೇ ಇಟ್ಟೆ ಅಪ್ಪ.”

ಅವರು ಎದ್ದು ಕೈ ತೊಳೆಯಲು ಹೋದರು. ಅಮ್ಮ ತಟ್ಟೆ ತಂದಿಟ್ಟರು. ಮೂವರೂ ಸುಮ್ಮನೆ ಉಂಡರು. ಬೈದಿದ್ದರೆ ವಾಸಿಯಿತ್ತು ಎಂದು ಅವಳಿಗೆ ಅನಿಸಿತು.

ಮರುದಿನ ಬೆಳಗ್ಗೆ ಅವಳು ಬಸ್ಸು ಹತ್ತಿ ಬಂದರು ಪಟ್ಟಣಕ್ಕೆ ಹೋದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ, ದಾರಿಯುದ್ದಕ್ಕೂ ಎಲ್ಲರೂ ತನ್ನ ಕಾಲನ್ನೇ ನೋಡುತ್ತಿದ್ದಾರೆ ಎಂಬ ಭ್ರಮೆ. ಎಡಚಿಯ ಮನೆ ಮೂರನೆಯ ಮಹಡಿಯಲ್ಲಿತ್ತು. ಬಾಗಿಲು ತೆರೆದದ್ದು ಅವಳ ಅತ್ತೆ. ಯಾರೆಂದು ಗುರುತು ಹತ್ತಿದ ಮೇಲೂ ಅವರು ಒಳಗೆ ಬಿಟ್ಟರು. “ಚಪ್ಪಲಿ ಅಲ್ಲಿ ಬಿಡು. ಕಾಲು ಹುಷಾರು” ಎಂದರು.

ಎಡಚಿ ಕಿಟಕಿ ಪಕ್ಕದ ಮಂಚದಲ್ಲಿದ್ದಳು. ಪಟ್ಟಿ ಕಟ್ಟಿದ ಕಾಲು ದಿಂಬಿನ ಮೇಲೆ. ಎರಡು ಅಸ್ಥಿರಜ್ಜುಗಳು ಹರಿದಿದ್ದವು. ಏಳು ತಿಂಗಳು ಆಡುವಂತಿರಲಿಲ್ಲ.

“ಬೇಕು ಅಂತಲೇ ಮಾಡಿದೆ” ಎಂದಳು ಜಿಗಣೆ. ದಾರಿಯಲ್ಲಿ ಜೋಡಿಸಿಕೊಂಡು ಬಂದ ಮಿಕ್ಕ ಮಾತುಗಳೆಲ್ಲ ಮರೆತುಹೋಗಿದ್ದವು.

“ಗೊತ್ತು” ಎಂದಳು ಎಡಚಿ. “ಆರು ವರ್ಷದಿಂದ ನಿನ್ನ ಕಾಲು ನೋಡ್ತಿದೀನಿ. ಅದು ತಪ್ಪಿ ಎಲ್ಲೂ ಹೋಗಲ್ಲ.”

“ಕ್ಷಮಿಸು ಅಂತ ಕೇಳೋಕೆ...”

“ಇವತ್ತು ಆಗಲ್ಲ. ಹೋಗಿ ಬಾ.”

ಅತ್ತೆ ಒಂದು ಲೋಟ ನೀರು ತಂದುಕೊಟ್ಟರು. ಕುಡಿದು ಅವಳು ಮೆಟ್ಟಿಲಿಳಿದಳು.

ಮಾರನೆಯ ದಿನ ಅವಳು ಲೀಗಿನ ಶಿಸ್ತು ಸಮಿತಿಗೆ ಒಂದು ಪುಟದ ಪತ್ರ ಬರೆದಳು. ಕೋಚ್ ಹೇಳಿದ ಮಾತನ್ನೂ ಬರೆದು, ಆಮೇಲೆ ಆ ಸಾಲು ಹೊಡೆದುಹಾಕಿದಳು. ಹೇಳಿದವರು ಯಾರೇ ಇರಲಿ, ಕಾಲು ತನ್ನದು ಅಂದುಕೊಂಡಳು. ಆಟಗಾರ್ತಿಯೇ ತಾನಾಗಿ ತಪ್ಪು ಒಪ್ಪಿಕೊಂಡ ಪತ್ರವನ್ನು ಸಮಿತಿ ಹಿಂದೆಂದೂ ಕಂಡಿರಲಿಲ್ಲವಂತೆ. ಎಂಟು ಪಂದ್ಯ ಹೊರಗಿರಬೇಕು ಎಂದು ತೀರ್ಪಾಯಿತು. ಫೈನಲ್‌ನಲ್ಲಿ ಅವಳಿಲ್ಲದ ತಂಡ ಸೋತಿತು. ಕೆಲವು ಗೆಳತಿಯರು ಮಾತು ಬಿಟ್ಟರು. “ಮೈಮೇಲೆ ಸತ್ಯ ಬಂದಿತ್ತು ಇವಳಿಗೆ” ಎಂದು ಒಬ್ಬಳು ಕುಟುಕಿದಳು. ಅಪ್ಪ ಮಾತ್ರ ಆ ವಾರ ಅವಳ ಜೊತೆ ಮಾರುಕಟ್ಟೆಗೆ ನಡೆದುಕೊಂಡು ಹೋಗಿ, ಹರಟೆ ಹೊಡೆಯುತ್ತ ಬಂದರು. ಅವಳಿಗೆ ಊಟ ರುಚಿಸತೊಡಗಿತು.

ಮುಂದಿನ ವರ್ಷ ಎಡಚಿ ಮರಳಿದಳು. ಎರಡೂ ತಂಡಗಳು ಎದುರಾದ ದಿನ ಒಳಾಂಗಣ ಕ್ರೀಡಾಂಗಣ ಕಿಕ್ಕಿರಿದಿತ್ತು. ಕೋಚ್ ಎಡಚಿಯನ್ನು ಕಾಯುವ ಕೆಲಸ ಬೇರೆಯವಳಿಗೆ ಕೊಟ್ಟಿದ್ದರು. ಅವಳಿಂದಾಗದೆ ಎರಡನೆಯ ಸುತ್ತಿನಲ್ಲಿ ಜಿಗಣೆಯನ್ನೇ ಕಳಿಸಬೇಕಾಯಿತು. ಗ್ಯಾಲರಿಯಿಂದ ಸಿಳ್ಳೆ, ಬೈಗುಳ. ಎಡಚಿ ಎಗರಿದಾಗ ಜಿಗಣೆ ಪೂರಾ ಒಂದು ಹೆಜ್ಜೆ ಹಿಂದೆ ಸರಿದಳು. ಚೆಂಡು ಒಳಗೆ ಹೋಯಿತು. ಮತ್ತೊಮ್ಮೆ ಸರಿದಳು, ಮತ್ತೊಮ್ಮೆ ಒಳಗೆ. ಮೂರನೆಯದೂ ಹಾಗೇ ಆದಾಗ ಎಡಚಿ ಹಿಂದಕ್ಕೆ ಓಡುತ್ತ ಅವಳ ಪಕ್ಕ ಬಂದಳು. ಮುಖ ಸಿಡುಕಾಗಿತ್ತು.

“ಏನಿದು, ದಾನ ಮಾಡ್ತಿದೀಯಾ?”

“ನಿನ್ನ ಕಾಲು...”

“ನನ್ನ ಕಾಲು ಡಾಕ್ಟ್ರು ನೋಡ್ಕೋತಾರೆ. ನಾನು ಏಳು ತಿಂಗಳು ಗೋಡೆ ಹಿಡಿದು ನಡೆದಿದ್ದು ನಿನ್ನ ದಾನಕ್ಕಲ್ಲ. ಹತ್ತಿರ ಬಾ. ಆಟ ಆಡು.”

ಜಿಗಣೆಗೆ ಅದು ಬೈಗುಳದಂತೆ ಕೇಳಿಸಲಿಲ್ಲ. ಮುಂದಿನ ಸಲ ಚೆಂಡು ಬರುವಾಗ ಎದೆ ಕೊಟ್ಟು ನಿಂತಳು. ಭುಜಕ್ಕೆ ಭುಜ ತಾಗಿತು. ಎಡಚಿ ಎಗರಿದಳು. ಜಿಗಣೆಯೂ ನೇರ ಮೇಲಕ್ಕೆ ಎಗರಿ, ತಾನು ನಿಂತಿದ್ದ ಜಾಗದಲ್ಲೇ ಇಳಿದಳು. ಚೆಂಡು ಬುಟ್ಟಿಯ ಬಳೆಗೆ ಬಡಿದು ಹೊರಗೆ ಹಾರಿತು. ಅಲ್ಲಿಂದಾಚೆ ಇಬ್ಬರೂ ಬಿಟ್ಟುಕೊಡಲಿಲ್ಲ. ಜಿಗಣೆಯ ತುಟಿ ಒಡೆಯಿತು, ಎಡಚಿಯ ಪಕ್ಕೆ ಕೆಂಪಾಯಿತು, ರೆಫರಿಯ ಸೀಟಿಗೆ ಬಿಡುವಿರಲಿಲ್ಲ. ಕೊನೆಯ ಸುತ್ತಿನಲ್ಲಿ ಎಡಚಿಗೆ ದಕ್ಕಿದ್ದು ಬರೀ ಎರಡು ಅಂಕ. ಆದರೂ ಅವಳ ತಂಡವೇ ಗೆದ್ದಿತು. ಬಾಗಿಲ ಬಳಿ ಎಡಚಿ ಟವೆಲ್ಲಿನಲ್ಲಿ ಮಂಜುಗಡ್ಡೆ ಸುತ್ತಿ ಇವಳ ಕೈಗೆ ಕೊಟ್ಟು, “ತುಟಿಗೆ ಒತ್ತಿಕೋ” ಎಂದಳು. ಕ್ಷಮಿಸಿದೆ ಎಂಬ ಮಾತು ಅವಳ ಬಾಯಿಂದ ಆಗಲೂ ಬರಲಿಲ್ಲ, ಆಮೇಲೂ ಬರಲಿಲ್ಲ. ಇವಳೂ ಕೇಳಲಿಲ್ಲ.

ಜಿಗಣೆ ಇನ್ನೊಂದು ವರ್ಷ ಆಡಿ ನಿಲ್ಲಿಸಿದಳು. ಈಗ ಅದೇ ಕ್ಲಬ್ಬಿನಲ್ಲಿ ಎದುರಾಳಿಯನ್ನು ಕಾಯುವ ಆಟ ಕಲಿಸುತ್ತಾಳೆ. ಗಂಡ ಬಾಗಿಲು ಕಿಟಕಿ ಮಾಡುವ ಬಡಗಿ, ಚೆಂಡಾಟದ ಗಂಧಗಾಳಿಯೇ ಇಲ್ಲದ ಸಮಾಧಾನದ ಮನುಷ್ಯ. ಎಡಚಿಯೂ ಆಟ ಬಿಟ್ಟು, ಅದೇ ಬಂದರಿನಲ್ಲಿ ಮಕ್ಕಳಿಗೆ ಈಜು ಹೇಳಿಕೊಡುತ್ತಾಳೆ. ಎರಡು ಊರಿನ ತಂಡಗಳು ಎದುರಾದಾಗಲೆಲ್ಲ ಬಂದು ಗ್ಯಾಲರಿಯಲ್ಲಿ ಜಿಗಣೆ ಮತ್ತು ಅವಳ ಗಂಡನ ಜೊತೆ ಕೂರುತ್ತಾಳೆ. ಹೋದ ಭಾನುವಾರವೂ ಬಂದಿದ್ದಳು. ಒಬ್ಬ ಹುಡುಗಿ ಇನ್ನೊಬ್ಬಳ ಸೊಂಟಕ್ಕೆ ಕೈ ಹಾಕಿ ತಡೆದಳು.

“ಅದು ಗಟ್ಟಿ ಆಟ ಕಣೇ” ಎಂದಳು ಎಡಚಿ.

“ಎಲ್ಲಿಯ ಗಟ್ಟಿ? ಬೆರಳು ಅಂಗಿ ಒಳಗಿತ್ತು. ಕೊಳಕಾಟ.”

“ನಿನ್ನ ಕಣ್ಣಿಗೆ ಕನ್ನಡಕ ಬೇಕು.”

“ನನ್ನ ಕಣ್ಣೇ ನನಗೆ ಆರು ವರ್ಷ ಅನ್ನ ಹಾಕಿದ್ದು, ನಿನ್ನನ್ನ ನೋಡಿ ನೋಡಿ.”

ಇಬ್ಬರ ನಡುವೆ ಕೂತಿದ್ದ ಬಡಗಿ, ಈ ಜಗಳ ಇವತ್ತಿಗೆ ಮುಗಿಯುವುದಲ್ಲ ಎಂದು ಕಂಡುಕೊಂಡು, ಟೀ ತರಲು ಎದ್ದುಹೋದ. ಅವನೆದ್ದ ಜಾಗಕ್ಕೆ ಎಡಚಿ ಸರಿದು ಕೂತಳು. ಕೆಳಗೆ ಸೀಟಿ ಮೊಳಗಿತು, ಇಬ್ಬರೂ ಒಟ್ಟಿಗೆ ಮುಂದಕ್ಕೆ ಬಾಗಿದರು.