ಬೇಟೆ ಮೇಷ್ಟ್ರ ಓದಿನ ಪರೀಕ್ಷೆ

ನಮ್ಮ ವಿಶ್ವವಿದ್ಯಾಲಯದ ಇಂಗ್ಲಿಷ್ ವಿಭಾಗದಲ್ಲಿ ನನ್ನ ಪಕ್ಕದ ಮೇಜು ಬೇಟೆ ಮೇಷ್ಟ್ರದು. ಬಂದೂಕು ಹಿಡಿದವರೇನಲ್ಲ, ಜಿರಳೆ ಕಂಡರೆ ಕುರ್ಚಿ ಹತ್ತುವ ಶೂರರು. ಇಂಗ್ಲಿಷ್ ಮನೆಮಾತಲ್ಲದ ವಿದ್ಯಾರ್ಥಿಗಳಿಗೆ ಆನ್‌ಲೈನಿನಲ್ಲಿ ಓದಿನ ಪರೀಕ್ಷೆ ನಡೆಸುವುದು ಅವರ ಕೆಲಸ. ಪರದೆಯ ಎಡಕ್ಕೆ ಪಾಠ, ಬಲಕ್ಕೆ ಪ್ರಶ್ನೆ, ಅದರ ಕೆಳಗೆ ನಾಲ್ಕು ಉತ್ತರ, ಮೇಲೆ ಓಡುವ ಗಡಿಯಾರ. ಇದರಲ್ಲಿ ಪಾಸಾಗದಿದ್ದರೆ ಡಿಗ್ರಿ ಇಲ್ಲ.

ಪ್ರಶ್ನೆ ಹಾಕುವವರೂ ಅವರೇ, ಪಾಸಾಗುವ ಉಪಾಯ ಹೇಳಿಕೊಡುವವರೂ ಅವರೇ. ಮಗುವನ್ನೂ ಚಿವುಟಿ ತೊಟ್ಟಿಲನ್ನೂ ತೂಗುವ ಉದ್ಯೋಗ.

"ಪಾಠ ಓದೋಕೆ ಹೋಗ್ಲೇಬೇಡಿ. ಪ್ರಶ್ನೇಲಿ ಒಂದು ವಿಚಿತ್ರ ಪದ ಹಿಡೀರಿ, ಎಡಗಡೆ ಅದನ್ನ ಬೇಟೆ ಆಡಿ. ಸಿಕ್ತಾ? ಆ ಪದ ಇರೋ ಉತ್ತರ ಒತ್ತಿ, ಮುಂದೆ ಹೋಗಿ!"

ಫಲಿತಾಂಶ ಏರಿತು. ಕುಲಪತಿಗಳು ಕರೆದು ಕೈ ಕುಲುಕಿದರು. ಆ ಕೈಯಲ್ಲಿ ಮೇಷ್ಟ್ರು ಸಂಜೆಯವರೆಗೂ ಚಾಕ್‌ಪೀಸ್ ಮುಟ್ಟಲಿಲ್ಲ.

ಇದ್ದ ಕೊರಗು ಒಂದೇ, ಸ್ವಂತ ಮಗಳು. ಎರಡು ಸಲ ಫೇಲ್. ಆ ಹುಡುಗಿಗೆ ಪಾಠವನ್ನು ಮೊದಲಿಂದ ಕೊನೆಯವರೆಗೆ ಓದುವ ಕೆಟ್ಟ ಚಟ. ಮಧ್ಯೆ ನಿಂತು ಯೋಚಿಸುವ ಚಟ ಬೇರೆ. ಗಡಿಯಾರ ಕಾಯುತ್ತದೆಯೇ?

ಮೇಷ್ಟ್ರ ಹೆಂಡತಿಗೆ ಇಂಗ್ಲಿಷ್ ಬಾರದು. "ನಾನಂತೂ ಎಲ್ಲದಕ್ಕೂ ಇನ್ನೊಬ್ಬರ ಮುಖ ನೋಡ್ಕೊಂಡೇ ಬದುಕಿದೆ. ಇವಳಿಗೆ ಆ ಗತಿ ಬೇಡ ರೀ, ಚೆನ್ನಾಗಿ ಓದೋದು ಕಲಿಸಿ" ಎಂದು ಆಕೆ ಗಂಡನ ಬೆನ್ನು ಹತ್ತಿದರು. ಮೇಷ್ಟ್ರು ಕಲಿಸಿದರು, ತಮಗೆ ಗೊತ್ತಿದ್ದದ್ದನ್ನು. ಮೂರನೆಯ ಸಲ ಹುಡುಗಿ ಇಡೀ ವಿಶ್ವವಿದ್ಯಾಲಯಕ್ಕೇ ಮೊದಲು! ಮೇಷ್ಟ್ರು ಮೇಜಿನಿಂದ ಮೇಜಿಗೆ ಹೋಗಿ ಫೋನಿನಲ್ಲಿ ಅಂಕ ತೋರಿಸಿದರು. ಸುಳ್ಳೇಕೆ, ನನಗೆ ಹೊಟ್ಟೆ ಉರಿಯಿತು. ನನ್ನ ಮಗ ಆಗತಾನೇ ಫೇಲಾಗಿದ್ದ.

ಆ ಭಾನುವಾರ ಅವರ ಮನೆಗೆ ಹೋಗಿದ್ದೆ. ಮೇಷ್ಟ್ರ ಹೆಂಡತಿಗೆ ವೈದ್ಯರು ರಕ್ತದೊತ್ತಡಕ್ಕೆ ಹೊಸ ಮಾತ್ರೆ ಬರೆದಿದ್ದರು. ಡಬ್ಬಿಯೊಳಗೆ ಮಡಚಿಟ್ಟ, ಇರುವೆ ಸಾಲಿನಂಥ ಇಂಗ್ಲಿಷ್ ಅಕ್ಷರದ ಹಾಳೆ. ಆಕೆ ಹೆಮ್ಮೆಯಿಂದ ಅದನ್ನು ಮಗಳ ಕೈಗಿತ್ತರು.

"ನನ್ನ ಹಳೇ ಮಾತ್ರೆ ವಿಷಯ ಡಾಕ್ಟ್ರಿಗೆ ಹೇಳೋದೇ ಮರೆತೆ. ಅದರ ಜೊತೆ ಇದನ್ನ ತಗೋಬಹುದಾ ನೋಡೇ."

ಹುಡುಗಿಯ ಕಣ್ಣು ಹಾಳೆಯ ಮೇಲೆ ಸರ್ರನೆ ಇಳಿದು ಒಂದು ಕಡೆ ನಿಂತಿತು. "ಹಳೇ ಮಾತ್ರೆ ಹೆಸರು ಇಲ್ಲೇ ಇದೆ ಅಮ್ಮ. ತಗೋಬಹುದು."

"ನೋಡಿದ್ರಾ ವೇಗ!" ಎಂದರು ಮೇಷ್ಟ್ರು ನನ್ನ ಕಡೆ ತಿರುಗಿ.

ಆಕೆ ಎರಡೂ ಮಾತ್ರೆ ಅಂಗೈಗೆ ಹಾಕಿಕೊಂಡು ನೀರಿನ ಲೋಟ ಎತ್ತಿದರು. ನಾನು ಮಾತ್ಸರ್ಯಕ್ಕೇ ಇರಬೇಕು, ತಪ್ಪು ಹುಡುಕಲೆಂದು ಹಾಳೆ ಎಳೆದುಕೊಂಡೆ. ಹೆಸರು ಇದ್ದದ್ದು ನಿಜ. ಆ ಸಾಲು ಹೇಳುತ್ತಿದ್ದದ್ದು ಮಾತ್ರ, ಇವೆರಡನ್ನೂ ಒಟ್ಟಿಗೆ ತೆಗೆದುಕೊಂಡರೆ ಜೀವಕ್ಕೇ ಅಪಾಯ ಎಂದು. "ಅಕ್ಕಾ, ಬೇಡ!" ಎಂದು ಕೂಗಿದೆ.

ನಾನು ಸಾಲನ್ನು ಕನ್ನಡದಲ್ಲಿ ಹೇಳಿದೆ. ಹುಡುಗಿ ಬಿಳಿಚಿಕೊಂಡಳು. "ಅವಸರದಲ್ಲಿ ನೋಡಿದ್ದಾಳೆ, ಅಷ್ಟೇ" ಎಂದು ಮೇಷ್ಟ್ರು ತೊದಲಿದರು.

ಆಕೆ ಮಾತ್ರೆಗಳನ್ನು ಮೇಜಿನ ಮೇಲಿಟ್ಟು, ಗಂಡನನ್ನೇ ನೋಡುತ್ತಾ ಮೆಲ್ಲಗೆ ಹೇಳಿದರು:

"ಫೇಲಾಗ್ತಿದ್ದಾಗ ಇವಳು ಓದ್ತಿದ್ದಳಲ್ರೀ."