ಅವ್ವ ಕೆರೆಗಿಳಿದ ಬೇಸಿಗೆ

ಮಗಳು ಪ್ರೈಮರಿ ಸ್ಕೂಲಿನಲ್ಲಿದ್ದಾಗ ಚಳಿ, ಬಿಸಿಲು ಎನ್ನದೆ ನಾವು ಹಿಮ ಬೀಳುವ ಬೆಟ್ಟಗಳ ನಡುವೆ ಕೆರೆಯೊಂದರ ದಂಡೆಯಲ್ಲಿದ್ದ ಹಳ್ಳಿಗೆ ಹೋಗುತ್ತಿದ್ದೆವು. ಸಿಡ್ನಿಯ ದಿ ಪಾಂಡ್ಸ್ ಬಡಾವಣೆಯ ಮನೆಯಿಂದ ಬೆಳಿಗ್ಗೆ ಬೇಗ ಹೊರಟರೆ ಮಧ್ಯಾಹ್ನದ ಬುತ್ತಿ ಬಿಚ್ಚುತ್ತಿದ್ದದ್ದು ಕೆರೆಯ ದಂಡೆಯಲ್ಲಿ. ಒಂದು ಬೇಕರಿ, ಒಂದು ಪೆಟ್ರೋಲ್ ಬಂಕ್, ನಾಲ್ಕಾರು ಮರದ ಕ್ಯಾಬಿನ್ನು, ಕಯಾಕ್ ಬಾಡಿಗೆಗೆ ಕೊಡುವ ಶೆಡ್ಡು, ಊರೆಂದರೆ ಅಷ್ಟೇ. ಚಳಿಗಾಲದಲ್ಲಿ ಅದೇ ಶೆಡ್ಡಿನವರು ಹಿಮದ ಬೂಟು ಕೊಡುತ್ತಿದ್ದರು. ನನ್ನ ಗಂಡ ದಿನವಿಡೀ ಗಾಳ ಹಾಕಿ ಕೂರುತ್ತಿದ್ದರು. ನಾವು ಮೀನು ತಿನ್ನುವವರಲ್ಲ. ಸಿಕ್ಕಿದ್ದನ್ನು ಮತ್ತೆ ನೀರಿಗೇ ಬಿಡುತ್ತಿದ್ದರು.

ಧಾರವಾಡದಿಂದ ಅವ್ವ ಬಂದ ವರ್ಷ ಇಲ್ಲಿಯ ಬೇಸಿಗೆಯಾದ ಡಿಸೆಂಬರಿನ ಬಿಸಿಲಿನಲ್ಲಿ ಅವಳನ್ನೂ ಕರೆದೊಯ್ದೆವು. ಮಗಳಿಗೆ ಆಗ ನೀರೆಂದರೆ ಭಯ. ಸ್ವಿಮ್ಮಿಂಗ್ ಕ್ಲಾಸಿನ ದಿನ ತಪ್ಪದೆ ಹೊಟ್ಟೆನೋವು. ಕೆರೆಯ ದಂಡೆಯಲ್ಲಿ ಅವ್ವ ರೊಟ್ಟಿಗೆ ಶೇಂಗಾ ಚಟ್ನಿ ಹಚ್ಚಿ ಎಲ್ಲರಿಗೂ ಕೊಟ್ಟು ಕೈ ತೊಳೆಯಲೆಂದು ಎದ್ದು ಹೋದಳು. ಎಷ್ಟು ಹೊತ್ತಾದರೂ ಬರಲಿಲ್ಲವಲ್ಲ ಎಂದು ತಿರುಗಿದರೆ, ಸೀರೆಗೆ ಕಚ್ಚೆ ಹಾಕಿಕೊಂಡು ಎದೆಮಟ್ಟದ ನೀರಿನಲ್ಲಿ ನಿಂತಿದ್ದಾಳೆ!

“ಅವ್ವಾ, ಹೊರಗ ಬಾ! ನೀರು ಭಾಳ ಥಂಡಿ ಐತಿ,” ಎಂದು ಕಿರುಚಿದೆ.

“ಸುಮ್ಮನಿರು,” ಎಂದವಳೇ ಮುಂದಕ್ಕೆ ಬಾಗಿ ಈಜತೊಡಗಿದಳು, ತುರುಬು ನೆನೆಯದ ಹಾಗೆ ಕತ್ತೆತ್ತಿಕೊಂಡು. ಗಾಳ ಬಿಸಾಕಿ ಬೂಟಿನ ಸಮೇತ ನೀರಿಗೆ ಓಡಿದ್ದ ನನ್ನ ಗಂಡ ಮೊಣಕಾಲುದ್ದದ ನೀರಿನಲ್ಲೇ ನಿಂತುಬಿಟ್ಟರು.

ದಂಡೆಗೆ ಬಂದವಳಿಗೆ ಟವೆಲ್ ಹೊದಿಸುತ್ತ ಕೇಳಿದೆ, “ನಿನಗ ಈಸು ಬರ್ತೈತಿ ಅಂತ ಯಾವತ್ತೂ ಹೇಳಿಲ್ಲಲ್ಲ?”

“ಲಗ್ನ ಆಗಿ ಧಾರವಾಡಕ್ಕ ಬಂದ್ನಿ. ಅಲ್ಲಿ ಬಾವಿ ಎಲ್ಲಿತ್ತು? ನಳ ಇತ್ತು.”

ತವರೂರಿನಲ್ಲಿ ಅಣ್ಣಂದಿರು ಅವಳ ಬೆನ್ನಿಗೆ ಒಣ ಸೋರೆಬುರುಡೆ ಕಟ್ಟಿ ಬಾವಿಗೆ ದೂಡಿದ್ದರಂತೆ. ಹೇಳುವಾಗ ಹಲ್ಲು ಕಟಕಟ ಎನ್ನುತ್ತಿತ್ತು, ನಗುವೂ ನಿಲ್ಲುತ್ತಿರಲಿಲ್ಲ. ಅವ್ವನೂ ಒಂದು ಕಾಲಕ್ಕೆ ಚಿಕ್ಕ ಹುಡುಗಿಯಾಗಿದ್ದಳೆಂದು ನನಗೆ ಹೊಳೆದದ್ದೇ ಅವತ್ತು.

ಮರುದಿನ ಮಗಳೇ ಬಂದು, “ಅಜ್ಜಿ, ಕ್ಯಾನ್ ಯು ಟೀಚ್ ಮಿ?” ಎಂದಳು. ಅವ್ವ ಅವಳನ್ನು ನೀರಿನಲ್ಲಿ ಅಂಗಾತ ಮಲಗಿಸಿ ಬೆನ್ನ ಕೆಳಗೆ ಅಂಗೈ ಕೊಟ್ಟಳು. “ಹೊಟ್ಟಿ ಮ್ಯಾಲೆ ಎತ್ತು. ಮುಗಿಲು ನೋಡು. ಕಿವ್ಯಾಗ ನೀರು ಹೋದ್ರ ಹೋಗ್ಲಿ.” ಇಂಗ್ಲಿಷಿನಲ್ಲೇ ಉತ್ತರ ಕೊಡುತ್ತಿದ್ದ ಹುಡುಗಿ ಹೇಳಿದ್ದನ್ನೆಲ್ಲ ಮಾಡಿದಳು. ಅವ್ವ ಯಾವಾಗಲೋ ಕೈ ತೆಗೆದಿದ್ದಳು. ಮಗಳು ಇನ್ನೂ ಮುಗಿಲು ನೋಡುತ್ತ ತೇಲುತ್ತಿದ್ದಳು.

ಅವ್ವ ಊರಿಗೆ ಮರಳುವ ಮುಂಚೆ, ಇಲ್ಲಿಯ ಚಳಿಗಾಲವಾದ ಜುಲೈಯಲ್ಲಿ, ಆ ಹಳ್ಳಿಗೆ ಇನ್ನೊಮ್ಮೆ ಹೋಗಿದ್ದೆವು. ಅವ್ವ ಹಿಮ ಮುಟ್ಟಿ ನೋಡಿ, “ಇದರಾಗೇನೈತಿ,” ಎಂದು ಕೊಡವಿ, ಸ್ವೆಟರಿನ ಮೇಲೆ ಶಾಲು ಹೊದ್ದು ಕೆರೆಯನ್ನೇ ನೋಡುತ್ತ ಕೂತಳು. ಅವಳು ಮತ್ತೆ ಆಸ್ಟ್ರೇಲಿಯಾಕ್ಕೆ ಬರಲಿಲ್ಲ. ತೀರಿಕೊಂಡು ಕೆಲವು ವರ್ಷಗಳಾದವು.

ಮಗಳಿಗೀಗ ಮೆಲ್ಬರ್ನ್‌ನಲ್ಲಿ ಕೆಲಸ, ಅಲ್ಲಿಯೇ ವಿಂಡಮ್ ವೇಲ್ ಬಡಾವಣೆಯಲ್ಲಿ ಮನೆ. ಅವಳು ಅತ್ತಿಂದ, ನಾವು ಇತ್ತಿಂದ ಡ್ರೈವ್ ಮಾಡಿಕೊಂಡು ಆ ಹಳ್ಳಿಯಲ್ಲೇ ಸೇರುತ್ತೇವೆ. ಹೋದ ಬೇಸಿಗೆಯಲ್ಲಿ ಅವಳು ನೀರಿನಿಂದಲೇ ಕರೆದಳು, “ಬಾ ಅಮ್ಮ, ನಾನ್ ಹಿಡ್ಕೋತೀನಿ.”

ಹೋದೆ. ಈಜು ಬಾರದ ನಾನು ಸೊಂಟದವರೆಗೆ ಇಳಿದೆ. ಅವಳ ಎರಡೂ ಕೈ ಹಿಡಿದುಕೊಂಡು ಬಹಳ ಹೊತ್ತು ನಿಂತಿದ್ದೆ. ನೀರಿನ ಮೇಲೆ ಅಂಗಾತ ಮಲಗಲು ಮಾತ್ರ ಧೈರ್ಯ ಬರಲಿಲ್ಲ.